ಆಸ್ಪತ್ರೆ ಮತ್ತು ವಿಕಲಚೇತನರ ಸೇವೆಗಳ ಬಗ್ಗೆ ಅಭಿಪ್ರಾಯ ಸಮೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಆಸ್ಪತ್ರೆ, ಸರ್ಕಾರದ "ನಮ್ಮ ಕ್ಲಿನಿಕ್", ಪುನರ್ವಸತಿ ಕೇಂದ್ರ, ಥೆರಪಿ ಸೆಂಟರ್‌ಗಳಲ್ಲಿ ಜನರ ಅಭಿಪ್ರಾಯ ಕೇಳಲು ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಕೊನೆಯ ಕೆಲವು ಪ್ರಶ್ನೆಗಳು ಉತ್ತರ ಕೊಡುವವರವು.

ಸಲಹಾ ಪೆಟ್ಟಿಗೆ ಇದೆಯಲ್ಲ, ಸಮೀಕ್ಷೆ ಯಾಕೆ ಬೇಕು?

ಪೆಟ್ಟಿಗೆಗೆ ಚೀಟಿ ಹಾಕಬೇಕಾದರೆ ಬರೆಯಲು ಬರಬೇಕು, ಜೇಬಿನಲ್ಲಿ ಪೆನ್ನಿರಬೇಕು, ಸಾಕಷ್ಟು ಸಿಟ್ಟು ಬಂದಿರಬೇಕು, ಪೆಟ್ಟಿಗೆ ಕೈಗೆಟುಕಬೇಕು. ಗೋಡೆಯಲ್ಲಿ ಐದಡಿ ಎತ್ತರಕ್ಕೆ ಮೊಳೆ ಹೊಡೆದು ನೇತುಹಾಕಿದ ಪೆಟ್ಟಿಗೆ ವೀಲ್‌ಚೇರ್‌ನಲ್ಲಿ ಕೂತವರಿಗೆ ಬರೀ ನೋಡಲಿಕ್ಕೆ. ಅದನ್ನು ತೆಗೆಯಬೇಡಿ, ಮೂರಡಿಗೆ ಇಳಿಸಿ. ಆದರೆ ಅದರಲ್ಲಿ ಬಿದ್ದ ಹತ್ತು ಚೀಟಿ ನೋಡಿ "ಜನ ಹೀಗಂತಾರೆ" ಎಂದು ತೀರ್ಮಾನಿಸುವಂತಿಲ್ಲ. ಚೀಟಿ ಹಾಕದೆ ಎದ್ದುಹೋದವರನ್ನು ನಾವೇ ಹೋಗಿ ಕೇಳುವುದಕ್ಕೆ ಸಮೀಕ್ಷೆ ಬೇಕು.

ಎಲ್ಲಿಂದ ಶುರು ಮಾಡಬೇಕು? ಪ್ರಶ್ನಾವಳಿಯ ಮಾದರಿ ಇದ್ದರೆ ಕೊಡಿ.

ಬೇರೆಯವರ ಪ್ರಶ್ನಾವಳಿ ತಂದು ಹೆಸರು ಬದಲಿಸಿದರೆ ಕೆಲಸ ಕೆಡುವುದು ಅಲ್ಲೇ. ಮೊದಲು ಒಂದು ಹಾಳೆಯಲ್ಲಿ ಎರಡು ಕಲಂ ಎಳೆಯಿರಿ. ಎಡಗಡೆ ಪ್ರಶ್ನೆ, ಬಲಗಡೆ "ಉತ್ತರ ಕೆಟ್ಟದಾಗಿ ಬಂದರೆ ಯಾರು, ಏನನ್ನು ಬದಲಿಸುತ್ತಾರೆ". ಬಲಗಡೆ ಖಾಲಿ ಉಳಿದ ಪ್ರಶ್ನೆಯನ್ನು ಹೊಡೆದುಹಾಕಿ. "ಆಸ್ಪತ್ರೆಯ ಒಟ್ಟಾರೆ ವಾತಾವರಣ ಹೇಗಿದೆ?" ಎಂಬುದು ಈ ಪರೀಕ್ಷೆಯಲ್ಲಿ ಬಹುತೇಕ ಉಳಿಯುವುದಿಲ್ಲ. "ಎಕ್ಸ್‌ರೇಗೆ ಹೋಗಲು ಮೆಟ್ಟಿಲು ಹತ್ತಬೇಕಾಯಿತೇ?" ಉಳಿಯುತ್ತದೆ.

ಎಷ್ಟು ಪ್ರಶ್ನೆ ಇರಬೇಕು?

ಮುಖಾಮುಖಿ ಕೇಳುವುದಾದರೆ 12ರಿಂದ 15, ಫೋನಿನಲ್ಲಾದರೆ 8. ಔಷಧಿ ಕೈಯಲ್ಲಿ ಹಿಡಿದು ಬಸ್ಸಿಗೆ ಹೊರಟವರು ಏಳೆಂಟು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ನಿಂತರೂ ಆಮೇಲಿನ ಉತ್ತರಗಳೆಲ್ಲ "ಹೂಂ, ಹೂಂ" ಆಗುತ್ತವೆ. ಮುಖ್ಯವಾದದ್ದನ್ನು ಮೊದಲ ಐದರಲ್ಲೇ ಮುಗಿಸಿ. ವಯಸ್ಸು, ವಿಳಾಸ, ಆದಾಯ ಕೊನೆಗಿರಲಿ.

ಶೇ 90ರಷ್ಟು ಜನ "ತೃಪ್ತಿ" ಅಂದಿದ್ದಾರೆ, ಆದರೂ ದೂರು ನಿಂತಿಲ್ಲ. ಯಾಕೆ?

ತೃಪ್ತಿ ಕೇಳಿದರೆ ಜನ ಮರ್ಯಾದೆಗೆ ಉತ್ತರ ಕೊಡುತ್ತಾರೆ. ಪುಕ್ಕಟೆ ಚಿಕಿತ್ಸೆ ಪಡೆದು ಬಂದವರು, ನಾಳೆ ಮತ್ತೆ ಅದೇ ಡಾಕ್ಟರ ಮುಂದೆ ಕೂರಬೇಕಾದವರು, ಬಾಗಿಲಲ್ಲಿ ನಿಂತು "ಸರಿಯಿಲ್ಲ" ಅನ್ನುವುದಿಲ್ಲ. ಅವರ ಬಾಯಿಂದ ಬರುವ ಮಾತು ಒಂದೇ: "ಪರವಾಗಿಲ್ಲ ಸಾರ್."

ಈ "ಪರವಾಗಿಲ್ಲ" ಐದು ಅಂಕದ ಅಳತೆಪಟ್ಟಿಯಲ್ಲಿ ಎಲ್ಲಿ ಕೂರುತ್ತದೆ? ದನಿ ಮೇಲೇರಿದರೆ "ಅಂದುಕೊಂಡದ್ದಕ್ಕಿಂತ ಚೆನ್ನಾಗಿದೆ". ಕೆಳಗಿಳಿದರೆ "ಹೇಗೋ ಸಹಿಸಿಕೊಂಡೆ". ಬರೆದುಕೊಳ್ಳುವವರು ಎರಡನ್ನೂ 3 ಅಥವಾ 4 ಎಂದು ಗುರುತು ಹಾಕುತ್ತಾರೆ. ಕೊನೆಗೆ 3.8 ಎಂಬ ಸರಾಸರಿ ಬಂದು ಎಲ್ಲರಿಗೂ ಸಮಾಧಾನವಾಗುತ್ತದೆ. "ಅತ್ಯಂತ ತೃಪ್ತಿಕರ, ತೃಪ್ತಿಕರ, ತಟಸ್ಥ" ಎಂಬ ಪದಗಳನ್ನು ಜನ ತಾವಾಗಿ ಎಂದೂ ಆಡುವುದಿಲ್ಲ, ಅದೂ ಒಂದು ತೊಡಕು.

ಪರಿಹಾರ: ಹೇಗಿತ್ತು ಎಂದು ಕೇಳುವ ಬದಲು ಏನಾಯಿತು ಎಂದು ಕೇಳಿ. "ಕಾಯುವ ಸಮಯ ನಿಮಗೆ ತೃಪ್ತಿಕರವೇ?" ಬಿಟ್ಟು "ಚೀಟಿ ಮಾಡಿಸಿದ್ದು ಎಷ್ಟು ಗಂಟೆಗೆ? ಡಾಕ್ಟ್ರನ್ನ ನೋಡಿದ್ದು ಎಷ್ಟು ಗಂಟೆಗೆ?" ಅನ್ನಿ. ಚೀಟಿಯಲ್ಲಿ ಸಮಯ ಅಚ್ಚಾಗಿದ್ದರೆ ಅದನ್ನೇ ನೋಡಿ ಬರೆದುಕೊಳ್ಳಿ. "ಔಷಧಿ ಸೌಲಭ್ಯ ಹೇಗಿದೆ?" ಬಿಟ್ಟು "ಬರೆದುಕೊಟ್ಟ ಮಾತ್ರೆ ಎಷ್ಟು ಥರ? ಇಲ್ಲೇ ಸಿಕ್ಕಿದ್ದು ಎಷ್ಟು, ಹೊರಗಡೆ ತಗೊಳ್ಳಿ ಅಂದಿದ್ದು ಎಷ್ಟು?" ಅನ್ನಿ. ನಡೆದದ್ದನ್ನು ಹೇಳುವುದು ದೂರು ಅನ್ನಿಸುವುದಿಲ್ಲ, ಹಾಗಾಗಿ ಜನ ಸಂಕೋಚವಿಲ್ಲದೆ ಹೇಳುತ್ತಾರೆ.

ಇನ್ನೆರಡು ಬಲೆಗಳಿವೆ. "ಡಾಕ್ಟರು ಮತ್ತು ಸಿಬ್ಬಂದಿ ಸೌಜನ್ಯದಿಂದ ಮಾತಾಡಿದರೇ?" ಎಂಬುದು ಎರಡು ಪ್ರಶ್ನೆ. ಡಾಕ್ಟರು ಚೆನ್ನಾಗಿ ಮಾತಾಡಿ, ಚೀಟಿ ಕೌಂಟರಿನವರು ಗದರಿದ್ದರೆ ಏನು ಗುರುತು ಹಾಕುವುದು? ಇನ್ನೊಂದು, "ಕಾಯೋದು ಕಷ್ಟ ಆಗಲಿಲ್ಲ ತಾನೆ?" ಎಂಬ ಥರದ್ದು. ಇದಕ್ಕೆ "ಹೂಂ" ಅಂದರೆ ಕಷ್ಟ ಆಗಲಿಲ್ಲ ಅಂತಲೋ, ಆಯಿತು ಅಂತಲೋ? "ಇಲ್ಲ" ಅಂದರೂ ಅದೇ ಗೊಂದಲ. ಕನ್ನಡದಲ್ಲಿ ನಕಾರದ ಪ್ರಶ್ನೆಗೆ ಹೌದು-ಇಲ್ಲದ ಉತ್ತರ ಎರಡು ಕಡೆಗೂ ವಾಲುತ್ತದೆ. ನಕಾರ ಇರುವ ಪ್ರಶ್ನೆಯನ್ನೇ ಬಿಡಿ.

ಉತ್ತರ ಕೊಡುವವರು ವಿಕಲಚೇತನರೇ ಎಂದು ಹೇಗೆ ಕೇಳುವುದು? ಯುಡಿಐಡಿ ಕಾರ್ಡ್ (ಸರ್ಕಾರ ಕೊಡುವ ವಿಕಲಚೇತನರ ಗುರುತಿನ ಚೀಟಿ) ಇದೆಯೇ ಅಂದರೆ ಸಾಕಲ್ಲ?

ಸಾಲದು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ಅವುಗಳಲ್ಲಿ ಕುಷ್ಠದಿಂದ ಗುಣವಾದವರು, ಥಲಸೇಮಿಯಾ, ಹಿಮೋಫಿಲಿಯಾ, ಪಾರ್ಕಿನ್‌ಸನ್ಸ್ ಕೂಡ ಇವೆ. ಮೀಸಲಾತಿಯಂಥ ಸೌಲಭ್ಯಗಳಿಗೆ ಕನಿಷ್ಠ ಶೇ 40ರಷ್ಟು ಅಂಗವೈಕಲ್ಯ ಇರಬೇಕು. ಕಾರ್ಡ್ ಮಾಡಿಸದವರು, ಶೇ 40 ಮುಟ್ಟದವರು, ವಯಸ್ಸಾಗಿ ಕಿವಿ ಮಂದವಾದವರು ಈ ಪ್ರಶ್ನೆಯಲ್ಲಿ ಜಾರಿಹೋಗುತ್ತಾರೆ. "ನೀವು ಅಂಗವಿಕಲರೇ?" ಎಂದು ನೇರ ಕೇಳಿದರೂ ಅಷ್ಟೆ. ಮಂಡಿನೋವಿನಿಂದ ಎರಡು ಮೆಟ್ಟಿಲೂ ಹತ್ತಲಾಗದ ಅಜ್ಜಿ "ಅಯ್ಯೋ ಇಲ್ಲಪ್ಪ, ವಯಸ್ಸಾಯ್ತಷ್ಟೆ" ಅನ್ನುತ್ತಾರೆ.

ವಿಶ್ವಸಂಸ್ಥೆಯಡಿ ಅಂಗವೈಕಲ್ಯದ ಅಂಕಿಅಂಶಕ್ಕಾಗಿ ರಚನೆಯಾದ ವಾಷಿಂಗ್ಟನ್ ಗ್ರೂಪಿನ ಆರು ಪ್ರಶ್ನೆಗಳನ್ನು ಬಳಸಿ. ನೋಡುವುದು, ಕೇಳಿಸಿಕೊಳ್ಳುವುದು, ನಡೆಯುವುದು ಅಥವಾ ಮೆಟ್ಟಿಲು ಹತ್ತುವುದು, ನೆನಪು ಮತ್ತು ಗಮನ, ಸ್ನಾನ-ಬಟ್ಟೆಯಂಥ ಸ್ವಂತ ಕೆಲಸ, ತಮ್ಮ ರೂಢಿಯ ಭಾಷೆಯಲ್ಲಿ ತಿಳಿಸುವುದು ಮತ್ತು ತಿಳಿದುಕೊಳ್ಳುವುದು. ಪ್ರತಿಯೊಂದಕ್ಕೂ ನಾಲ್ಕೇ ಉತ್ತರ: ಕಷ್ಟ ಇಲ್ಲ, ಸ್ವಲ್ಪ ಕಷ್ಟ, ತುಂಬಾ ಕಷ್ಟ, ಆಗುವುದೇ ಇಲ್ಲ. ಯಾವುದಾದರೂ ಒಂದಕ್ಕೆ "ತುಂಬಾ ಕಷ್ಟ" ಅಥವಾ "ಆಗುವುದೇ ಇಲ್ಲ" ಬಂದರೆ ಆ ವ್ಯಕ್ತಿಯನ್ನು ವಿಕಲಚೇತನರ ಗುಂಪಿಗೆ ಸೇರಿಸಬೇಕು. ನಾಲ್ಕೂ ಉತ್ತರಗಳನ್ನು ಪ್ರತಿ ಸಲ ಓದಿಹೇಳಬೇಕು. "ಕಷ್ಟ ಇದೆಯಾ, ಇಲ್ವಾ?" ಎಂದು ಮೊಟಕು ಮಾಡಿದರೆ ಲೆಕ್ಕ ಹಾಳು. ನೋಡುವ ಪ್ರಶ್ನೆಯಲ್ಲಿ "ಕನ್ನಡಕ ಹಾಕಿಕೊಂಡರೂ", ಕೇಳುವ ಪ್ರಶ್ನೆಯಲ್ಲಿ "ಶ್ರವಣ ಯಂತ್ರ ಹಾಕಿಕೊಂಡರೂ" ಎಂಬ ಮಾತು ಬಿಟ್ಟುಹೋಗಬಾರದು.

ಈ ಆರು ಪ್ರಶ್ನೆಗಳಲ್ಲಿ ಆತಂಕ, ಖಿನ್ನತೆ ಇಲ್ಲ. ಮಾನಸಿಕ ಆರೋಗ್ಯ ಸೇವೆಯ ಸಮೀಕ್ಷೆಯಾದರೆ ಅದೇ ಗುಂಪಿನ ವಿಸ್ತೃತ ಪ್ರಶ್ನಾವಳಿ ತೆಗೆದುಕೊಳ್ಳಿ. 2ರಿಂದ 17 ವರ್ಷದ ಮಕ್ಕಳಿಗೆ ಯುನಿಸೆಫ್ ಜೊತೆ ಸೇರಿ ಮಾಡಿದ ಬೇರೆಯೇ ಪ್ರಶ್ನಾವಳಿ ಇದೆ. ದೊಡ್ಡವರದ್ದನ್ನು ಮಕ್ಕಳಿಗೆ ಕೇಳಬೇಡಿ.

ಎಷ್ಟು ಜನರನ್ನು ಕೇಳಿದರೆ ಸಾಕು?

ನಿಮಗೆ ಬಂದ ಶೇಕಡಾ ನಿಜಕ್ಕಿಂತ ಆಚೀಚೆ 5ರೊಳಗೇ ಇದೆ ಎಂದು ಶೇ 95ರ ವಿಶ್ವಾಸ ಮಟ್ಟದಲ್ಲಿ (ನೂರು ಸಲ ಸಮೀಕ್ಷೆ ಮಾಡಿದರೆ ಸುಮಾರು 95 ಸಲ) ಹೇಳಬೇಕಾದರೆ 385 ಜನ. ಶೇ 10ರ ಅಂತರ ನಡೆಯುತ್ತದೆ ಅಂದರೆ 97 ಸಾಕು. ನಿಮ್ಮಲ್ಲಿಗೆ ಬರುವವರೇ ಒಟ್ಟು 500 ಆಗಿದ್ದರೆ 385 ಬೇಕಿಲ್ಲ, 218ಕ್ಕೆ ಇಳಿಯುತ್ತದೆ.

ಆದರೆ ಒಂದು ಲೆಕ್ಕ ನೋಡಿ. 2011ರ ಜನಗಣತಿಯಲ್ಲಿ ಕರ್ನಾಟಕದ ವಿಕಲಚೇತನರು 13.24 ಲಕ್ಷ, ಜನಸಂಖ್ಯೆಯ ಶೇ 2.2ರ ಹತ್ತಿರ. ಇದೇ ಪ್ರಮಾಣದಲ್ಲಿ ಬರುತ್ತಾರೆ ಎಂದುಕೊಂಡರೆ ಹೊರರೋಗಿ ವಿಭಾಗದಲ್ಲಿ 400 ಜನರನ್ನು ಕೇಳಿದಾಗ ನಿಮಗೆ ಸಿಗುವ ವಿಕಲಚೇತನರು ಒಂಬತ್ತು. ಒಂಬತ್ತು ಜನರಲ್ಲಿ ಏಳು ಜನ ಖುಷಿಯಾಗಿದ್ದರೆ "ಶೇ 78 ವಿಕಲಚೇತನರಿಗೆ ತೃಪ್ತಿ" ಎಂದು ಬರೆಯುವುದು ತಮಾಷೆಯಾಗುತ್ತದೆ. ಆದ್ದರಿಂದ ಇವರಿಗೆ ಬೇರೆ ಪಟ್ಟಿ, ಬೇರೆ ಸಂಖ್ಯೆ ಇಡಿ. ಕನಿಷ್ಠ 97 ಅಂದುಕೊಳ್ಳಿ. ಎರಡನ್ನೂ ಕಲಸಿ ಒಂದೇ ಶೇಕಡಾ ಮಾಡಬೇಡಿ.

ಆಸ್ಪತ್ರೆಯಲ್ಲಿ ಯಾರನ್ನು ಆರಿಸಿಕೊಳ್ಳುವುದು?

ನಗುಮುಖದವರನ್ನು, ಬೆಂಚಿನಲ್ಲಿ ಖಾಲಿ ಕೂತವರನ್ನು ಆರಿಸಿಕೊಳ್ಳುವುದು ಮನುಷ್ಯರ ಸ್ವಭಾವ. ಅದನ್ನು ತಪ್ಪಿಸಲು ಟೋಕನ್ ಸಂಖ್ಯೆ ಹಿಡಿಯಿರಿ. ದಿನಕ್ಕೆ 240 ಚೀಟಿ, ನಿಮಗೆ ಬೇಕಾದ್ದು 20 ಅಂದರೆ ಪ್ರತಿ 12ನೆಯವರು. ಮೊದಲನೆಯವರು ಯಾರು ಎಂಬುದನ್ನು 1ರಿಂದ 12ರೊಳಗೆ ಚೀಟಿ ಎತ್ತಿ ನಿರ್ಧರಿಸಿ. ಸೋಮವಾರದ ಗದ್ದಲವೂ ಶನಿವಾರದ ಖಾಲಿಯೂ ಲೆಕ್ಕದಲ್ಲಿ ಬರಲಿ. ನಿರಾಕರಿಸಿದವರನ್ನೂ ಎಣಿಸಿ ಬರೆದಿಡಿ.

ಆಸ್ಪತ್ರೆಗೆ ಬಾರದೇ ಇರುವವರನ್ನು ಹೇಗೆ ಕೇಳುವುದು?

ಬಾಗಿಲ ಬಳಿ ನಿಂತು ಕೇಳುವ ಸಮೀಕ್ಷೆಗೆ ಸಿಗುವುದು ಬಾಗಿಲು ದಾಟಿ ಬಂದವರು ಮಾತ್ರ. ಮೂರನೇ ಮಹಡಿಯ ಬಾಡಿಗೆ ಮನೆಯಿಂದ ಮಗನ ಬೆನ್ನೇರಿ ಇಳಿದು, ಆಟೋಗೆ ದುಡ್ಡು ಕೊಟ್ಟು ಬರುವುದು ಬೇಡವೆಂದು ಫಿಸಿಯೋಥೆರಪಿ ನಿಲ್ಲಿಸಿದವರು ನಿಮ್ಮ ಶೇಕಡಾದಲ್ಲಿ ಇರುವುದಿಲ್ಲ. ಅವರನ್ನು ಬಿಟ್ಟು ತೆಗೆದ ಸಂಖ್ಯೆ ಎಷ್ಟು ಚೆನ್ನಾಗಿದ್ದರೂ ಅರ್ಧ ಕಥೆ.

ಹುಡುಕುವ ದಾರಿಗಳು: ಅರ್ಧಕ್ಕೇ ಬಿಟ್ಟವರ ಹೆಸರು ಆಸ್ಪತ್ರೆಯ ಫಾಲೋಅಪ್ ರಿಜಿಸ್ಟರಿನಲ್ಲೇ ಇರುತ್ತದೆ, ಆಸ್ಪತ್ರೆಯ ಸಿಬ್ಬಂದಿಯೇ ಅವರಿಗೆ ಕರೆ ಮಾಡಿ ಒಪ್ಪಿಗೆ ಕೇಳಿ ನಿಮಗೆ ಒಪ್ಪಿಸಬೇಕು. ಬಡಾವಣೆಯ ಆಶಾ ಕಾರ್ಯಕರ್ತೆಗೆ ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ ಎಂಬುದು ಗೊತ್ತು. ವಿಕಲಚೇತನರ ಇಲಾಖೆಯ ನಗರ ಪುನರ್ವಸತಿ ಕಾರ್ಯಕರ್ತರು, ವಿಶೇಷ ಶಾಲೆಗಳ ಪೋಷಕರ ಗುಂಪುಗಳು, ಕಿವುಡರ ಸಂಘಗಳು ಇವೆ. ಒಂದೇ ದಾರಿ ಹಿಡಿದರೆ ಒಂದೇ ಬಗೆಯವರು ಸಿಗುತ್ತಾರೆ. ಪಿಂಚಣಿ ಪಟ್ಟಿಯಲ್ಲಿ ಕಾರ್ಡಿರುವವರು ಮಾತ್ರ, ಸಂಘದಲ್ಲಿ ಹೊರಗೆ ಓಡಾಡುವವರು ಮಾತ್ರ. ಮನೆಗೆ ಹೋದಾಗ ಕೇಳಬೇಕಾದ ಮೊದಲ ಪ್ರಶ್ನೆ: "ಕೊನೆಯ ಸಲ ಆಸ್ಪತ್ರೆಗೆ ಹೋಗಬೇಕು ಅಂದ್ಕೊಂಡು ಹೋಗದೇ ಇದ್ದದ್ದು ಯಾವಾಗ, ಯಾಕೆ?"

ಗೂಗಲ್ ಫಾರ್ಮ್ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಹಾಕಿದರೆ ಆಗುವುದಿಲ್ಲವೇ?

ಅದೊಂದನ್ನೇ ನೆಚ್ಚಿಕೊಂಡರೆ ಆಗುವುದಿಲ್ಲ, ಇತರ ದಾರಿಗಳ ಜೊತೆಗಾದರೆ ಸರಿ. ಕಣ್ಣು ಕಾಣದವರು ಮೊಬೈಲಿನಲ್ಲಿ ಟಾಕ್‌ಬ್ಯಾಕ್, ಕಂಪ್ಯೂಟರಿನಲ್ಲಿ ಎನ್‌ವಿಡಿಎ ಬಳಸುತ್ತಾರೆ. ಎರಡೂ ಪರದೆಯಲ್ಲಿರುವುದನ್ನು ಓದಿಹೇಳುವ ತಂತ್ರಾಂಶಗಳು (ಸ್ಕ್ರೀನ್ ರೀಡರ್), ಕನ್ನಡವನ್ನೂ ಓದುತ್ತವೆ. ನೀವು ಕೊಡುವುದು ಓದುವಂತಿರಬೇಕಷ್ಟೆ. ಆರು ಸಾಲು ಐದು ಕಲಂನ ಗ್ರಿಡ್ ಪ್ರಶ್ನೆ ಕೊಟ್ಟರೆ ಅವರು 30 ಬಟನ್ ಒಂದೊಂದಾಗಿ ದಾಟಬೇಕು. ಅದನ್ನು ಆರು ಬಿಡಿ ಪ್ರಶ್ನೆ ಮಾಡಿ. ನಗುಮುಖ-ಅಳುಮುಖದ ಚಿತ್ರದ ಪಕ್ಕ ಪದವೂ ಇರಲಿ.

ಕನ್ನಡದವರಿಗೇ ಮೀಸಲಾದ ಒಂದು ಅನಾಹುತವೂ ಇದೆ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ, ಯುನಿಕೋಡ್ ಅಲ್ಲದ ಬಗೆಯಲ್ಲಿ ಟೈಪ್ ಮಾಡಿದ ಪ್ರಶ್ನಾವಳಿ ಕಣ್ಣಿಗೆ ಚೊಕ್ಕ ಕನ್ನಡ. ಒಳಗಿರುವುದು ಮಾತ್ರ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಸ್ಕ್ರೀನ್ ರೀಡರ್ ಅದನ್ನೇ ಗಟ್ಟಿಯಾಗಿ ಓದುತ್ತದೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಏನನ್ನೂ ಓದುವುದಿಲ್ಲ. ಕಳಿಸುವ ಮೊದಲು ನಿಮ್ಮದೇ ಫೋನಿನಲ್ಲಿ ಟಾಕ್‌ಬ್ಯಾಕ್ ಹಾಕಿ, ಪರದೆ ನೋಡದೆ ಪೂರ್ತಿ ತುಂಬಿ ನೋಡಿ.

ಮನೆಮನೆಗೆ ಹೋಗುವವರಿಗೆ ನೆಟ್ ಇಲ್ಲದಿದ್ದರೂ ನಡೆಯುವ ಕೋಬೋ ಟೂಲ್‌ಬಾಕ್ಸ್ ಅಥವಾ ಒಡಿಕೆ ಎಂಬ ಸಮೀಕ್ಷೆಯ ಆ್ಯಪ್ ಒಳ್ಳೆಯದು. ಒಂದೇ ಫಾರ್ಮಿನಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು, ಹಿಂದಿ ಎಲ್ಲವನ್ನೂ ಇಟ್ಟು ಬದಲಿಸಿಕೊಳ್ಳಬಹುದು. ಬೆಂಗಳೂರಿನಲ್ಲಿ ಈ ಐದೂ ಬೇಕು.

ಕಿವುಡರಿಗೆ ಪ್ರಶ್ನೆ ಬರೆದು ತೋರಿಸಿದರೆ ಸಾಕೇ?

ಹುಟ್ಟಾ ಕಿವುಡರಾದ ಅನೇಕರಿಗೆ ಸನ್ನೆ ಭಾಷೆಯೇ ಮೊದಲ ಭಾಷೆ, ಬರಹದ ಕನ್ನಡ ಎರಡನೆಯದು. ಉದ್ದ ವಾಕ್ಯ ತೋರಿಸಿದರೆ ತಲೆಯಾಡಿಸಿ ಮೊದಲ ಆಯ್ಕೆಗೆ ಗುರುತು ಹಾಕಿ ಕೊಡುತ್ತಾರೆ. ಪ್ರತಿ ಪ್ರಶ್ನೆಯನ್ನೂ ಭಾರತೀಯ ಸನ್ನೆ ಭಾಷೆಯಲ್ಲಿ ವಿಡಿಯೋ ಮಾಡಿ ಟ್ಯಾಬ್‌ನಲ್ಲಿ ತೋರಿಸಿ, ಇಲ್ಲವೇ ಸನ್ನೆ ಭಾಷಾ ಅನುವಾದಕರನ್ನು ಕರೆಸಿ. ಅಣ್ಣನನ್ನೋ ತಾಯಿಯನ್ನೋ ಅನುವಾದಕ್ಕೆ ನಿಲ್ಲಿಸಿಕೊಳ್ಳಬೇಡಿ. ಪ್ರಶ್ನೆ ಮನೆಯವರ ಬಗ್ಗೆಯೇ ಇರಬಹುದು. ದನಿ ಕರೆಯ ಸಮೀಕ್ಷೆಯಲ್ಲಿ ಇನ್ನೊಂದು ತೊಡಕು: ಆಸ್ಪತ್ರೆಯಲ್ಲಿ ಅವರ ಹೆಸರಿನ ಮುಂದಿರುವ ಫೋನ್ ನಂಬರ್ ಎಷ್ಟೋ ಸಲ ಮನೆಯ ಬೇರೆಯವರದ್ದು. ಕರೆಗೆ ಉತ್ತರ ಕೊಟ್ಟದ್ದು ಆ ಬೇರೆಯವರೇ.

ಬೌದ್ಧಿಕ ಅಂಗವೈಕಲ್ಯ ಇರುವವರ ಪರವಾಗಿ ತಾಯಿ ಉತ್ತರಿಸಬಹುದೇ?

ಮೊದಲು ಅವರನ್ನೇ ಕೇಳಿ. ಚಿಕ್ಕ ವಾಕ್ಯ, ಚಿತ್ರದ ಕಾರ್ಡು, ಒಂದು ಸಲಕ್ಕೆ ಒಂದೇ ವಿಷಯ. ಹೌದು-ಇಲ್ಲ ಪ್ರಶ್ನೆಗೆ ಕೆಲವರು ಎಲ್ಲದಕ್ಕೂ ಹೌದು ಅನ್ನುತ್ತಾರೆ. ಅದಕ್ಕೇ "ಥೆರಪಿ ರೂಮಲ್ಲಿ ಗಲಾಟೆ ಇರುತ್ತಾ, ಸೈಲೆಂಟಾಗಿರುತ್ತಾ?" ಎಂದು ಎರಡು ಆಯ್ಕೆ ಕೊಟ್ಟು, ಸ್ವಲ್ಪ ಹೊತ್ತಿನ ನಂತರ ಅದನ್ನೇ ತಿರುವುಮುರುವಾಗಿ ಕೇಳಿ. ಎರಡು ಸಲವೂ ಕೊನೆಯ ಪದವನ್ನೇ ಹೇಳಿದರೆ ಆ ಉತ್ತರವನ್ನು ಲೆಕ್ಕಕ್ಕೆ ಹಿಡಿಯಬೇಡಿ. ತಾಯಿಯ ಉತ್ತರವೂ ಬೇಕು, ಆದರೆ ತಾಯಿಯ ಉತ್ತರ ಎಂದೇ. ಫಾರ್ಮಿನಲ್ಲಿ "ಉತ್ತರಿಸಿದವರು: ಸ್ವತಃ / ಸಹಾಯದಿಂದ / ಬೇರೆಯವರು" ಎಂಬ ಕಲಂ ಕಡ್ಡಾಯ.

ಪ್ರಶ್ನೆ ಕೇಳಲು ನಮ್ಮ ನರ್ಸ್‌ಗಳನ್ನೇ ಕೂರಿಸಬಹುದೇ?

ಬೇಡ. ಇಂಜೆಕ್ಷನ್ ಕೊಟ್ಟ ಕೈಗೇ ಅಂಕ ಕೊಡಿ ಅಂದಂತಾಗುತ್ತದೆ. ಸಮವಸ್ತ್ರ, ಗುರುತಿನ ಟ್ಯಾಗ್ ಯಾವುದೂ ಇಲ್ಲದ ಹೊರಗಿನವರು ಬೇಕು. ತಂಡದಲ್ಲಿ ವಿಕಲಚೇತನರೇ ಇದ್ದರೆ ಉತ್ತರಗಳ ರೀತಿಯೇ ಬದಲಾಗುತ್ತದೆ. ಅವರಿಗೂ ಉಳಿದವರಷ್ಟೇ ಸಂಬಳ ಕೊಡಿ, ಗೌರವಧನ ಎಂದು ಅರ್ಧ ಕೊಟ್ಟು ಕೈತೊಳೆದುಕೊಳ್ಳಬೇಡಿ.

ರ್‍ಯಾಂಪ್ ಇದೆಯೇ ಎಂದು ಕೇಳಿದರೆ ಎಲ್ಲರೂ ಇದೆ ಅನ್ನುತ್ತಾರೆ. ಆದರೂ ವೀಲ್‌ಚೇರ್ ಬರುತ್ತಿಲ್ಲ.

ಇಂಥದ್ದನ್ನು ಬಾಯಲ್ಲಿ ಕೇಳುವುದಕ್ಕಿಂತ ಟೇಪು ಹಿಡಿದು ಅಳೆಯಬೇಕು. ಇಳಿಜಾರು 1:12 ಇರಬೇಕು. ಅಂದರೆ 15 ಸೆಂ.ಮೀ. ಎತ್ತರದ ಒಂದು ಮೆಟ್ಟಿಲಿಗೆ 1.8 ಮೀಟರ್ ಉದ್ದ, ಎರಡು ಮೆಟ್ಟಿಲಿಗೆ 3.6 ಮೀಟರ್. ಎರಡು ಮೆಟ್ಟಿಲಿನ ಮೇಲೆ ಒಂದು ಮೀಟರ್ ಸಿಮೆಂಟು ಬಳಿದರೆ ಅದು ಜಾರುಬಂಡಿ. ಬಾಗಿಲು 90 ಸೆಂ.ಮೀ. ಅಗಲ ಇದೆಯೇ, ಶೌಚಾಲಯದ ಬಾಗಿಲು ಹೊರಕ್ಕೆ ತೆರೆಯುತ್ತದೆಯೇ ನೋಡಿ. ಅದಕ್ಕೆ ಬೀಗ ಹಾಕಿದ್ದರೆ ಕೀಲಿಕೈ ಯಾರ ಹತ್ತಿರ, ಒಳಗೆ ಬಕೆಟ್ಟು-ಪೊರಕೆ ತುಂಬಿದ್ದಾರೆಯೇ? ಅಳತೆ ಒಂದು ಹಾಳೆಯಲ್ಲಿ, ಜನರ ಮಾತು ಇನ್ನೊಂದರಲ್ಲಿ. ಎರಡನ್ನೂ ಅಕ್ಕಪಕ್ಕ ಇಟ್ಟರೆ ವಾದಕ್ಕೆ ಜಾಗ ಉಳಿಯುವುದಿಲ್ಲ.

2016ರ ಕಾಯ್ದೆಯ 25ನೇ ಕಲಂ ಸರ್ಕಾರಿ, ಖಾಸಗಿ ಎರಡೂ ಆಸ್ಪತ್ರೆಗಳ ಎಲ್ಲ ಭಾಗಗಳಿಗೆ ಅಡೆತಡೆಯಿಲ್ಲದ ಪ್ರವೇಶ, ನೋಡುವುದರಲ್ಲಿ ಮತ್ತು ಚಿಕಿತ್ಸೆಯಲ್ಲಿ ಆದ್ಯತೆ ಸಿಗಬೇಕು ಎನ್ನುತ್ತದೆ. ಹಾಗಾಗಿ "ಸರದಿಯಲ್ಲಿ ಮುಂದೆ ಬಿಟ್ಟರೇ?" ಎಂಬ ಪ್ರಶ್ನೆ ಹಾಕಲೇಬೇಕು.

ಆಧಾರ್ ನಂಬರ್ ತೆಗೆದುಕೊಳ್ಳಬೇಕೇ?

ತೆಗೆದುಕೊಳ್ಳಬೇಡಿ. ಯುಡಿಐಡಿ ಸಂಖ್ಯೆಯೂ ಬೇಡ. ಆಧಾರ್ ಕೇಳಿದ ಕೂಡಲೇ ಜನರಿಗೆ ಪಿಂಚಣಿ ನಿಂತೀತು ಎಂಬ ಭಯ ಹತ್ತುತ್ತದೆ, ಆಮೇಲೆ ನಿಜ ಹೇಳುವುದಿಲ್ಲ. ಒಪ್ಪಿಗೆಯ ಮಾತು ನಾಲ್ಕು ಸಾಲಿನಲ್ಲಿ ಮುಗಿಯಲಿ: ಯಾರು ಕೇಳುತ್ತಿದ್ದೇವೆ, ಯಾಕೆ, ಎಷ್ಟು ದಿನ ಇಟ್ಟುಕೊಳ್ಳುತ್ತೇವೆ, ಬೇಡ ಅಂದರೆ ಏನೂ ಆಗುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಈ ಸೂಚನೆಯನ್ನು ಇಂಗ್ಲಿಷ್ ಅಥವಾ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಓದುವ ಅವಕಾಶ ಇರಬೇಕು, ಕನ್ನಡವೂ ಅದರಲ್ಲಿದೆ. 18 ತುಂಬದವರಿಗೆ ಪೋಷಕರ, ಕಾನೂನುಬದ್ಧ ಪಾಲಕರಿರುವ ವಿಕಲಚೇತನರಿಗೆ ಆ ಪಾಲಕರ ಒಪ್ಪಿಗೆ ಬೇಕು. ಉಳಿದ ವಯಸ್ಕ ವಿಕಲಚೇತನರ ಒಪ್ಪಿಗೆ ಅವರದ್ದೇ, ಪಕ್ಕದಲ್ಲಿ ಕೂತ ಅಣ್ಣನದ್ದಲ್ಲ.

ಮಾತಾಡುತ್ತಾ ಅತ್ತುಬಿಟ್ಟರೆ, ಸಾಯುವ ಮಾತಾಡಿದರೆ?

ಪ್ರಶ್ನಾವಳಿ ಮಡಚಿಡಿ, ಕೇಳಿಸಿಕೊಳ್ಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ದಿನದ 24 ಗಂಟೆಯೂ ಪುಕ್ಕಟೆ ಸಿಗುತ್ತದೆ, ಕನ್ನಡದಲ್ಲೂ. ನಂಬರ್ ಬರೆದುಕೊಟ್ಟು ಎದ್ದುಬರಬೇಡಿ, ಒಪ್ಪಿದರೆ ಅಲ್ಲೇ ಕರೆ ಮಾಡಿಸಿ. ತುರ್ತಾದರೆ 112. ಮಗುವಿನ ಮೇಲಿನ ದೌರ್ಜನ್ಯ ಕಂಡರೆ 1098.

ವಾರ್ಡ್‌ವಾರು ಲೆಕ್ಕ ಕೊಡಿ ಎಂದು ಕೇಳುತ್ತಾರೆ. ಕೊಡಬಹುದೇ?

2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಐದು ಪಾಲಿಕೆಗಳಾಗಿ ಒಡೆದ ಮೇಲೆ ಜನರಿಗೆ ತಮ್ಮ ವಾರ್ಡ್ ಯಾವುದೆಂದೇ ಗೊತ್ತಿಲ್ಲ. 198 ವಾರ್ಡಿನ ಕಾಲದ ಹೆಸರನ್ನೇ ಹೇಳುವವರು ಬಹಳ. ಪಿನ್ ಕೋಡ್ ಮತ್ತು ಬಡಾವಣೆಯ ಹೆಸರು ಬರೆದುಕೊಳ್ಳಿ. ಇನ್ನೊಂದು ಎಚ್ಚರ: ಒಂದು ಪಿನ್ ಕೋಡ್, ಒಂದು ವಯೋಮಾನ, ಒಂದು ಬಗೆಯ ಅಂಗವೈಕಲ್ಯ ಎಂದು ಮೂರನ್ನೂ ಜೋಡಿಸಿದರೆ ಉಳಿಯುವುದು ಒಬ್ಬರು. ಹೆಸರು ಹಾಕದಿದ್ದರೂ ಬೀದಿಯವರಿಗೆ ಯಾರೆಂದು ತಿಳಿಯುತ್ತದೆ. ಕೋಷ್ಟಕದಲ್ಲಿ ಐದಕ್ಕಿಂತ ಕಡಿಮೆ ಜನರಿರುವ ಚೌಕದ ಸಂಖ್ಯೆಯನ್ನು ಪ್ರಕಟಿಸಬೇಡಿ.

ಫಲಿತಾಂಶ ಬಂದ ಮೇಲೆ?

80 ಪುಟದ ವರದಿಯನ್ನು ಯಾರೂ ಓದುವುದಿಲ್ಲ. ಚೀಟಿ ಕೌಂಟರಿನ ಪಕ್ಕ ಮೂರು ಕಲಂನ ಬೋರ್ಡ್ ಹಾಕಿ: ಜನ ಹೇಳಿದ್ದು, ಸರಿಯಾದದ್ದು, ಆಗದೇ ಇರುವುದು ಮತ್ತು ಯಾಕೆ. ಮೂರನೆಯದನ್ನು ಬಿಡಬೇಡಿ. "ಲಿಫ್ಟ್‌ಗೆ ಟೆಂಡರ್ ಆಗಿಲ್ಲ, ಅಲ್ಲಿಯವರೆಗೆ ಮೇಲಿನ ಮಹಡಿಯ ಡಾಕ್ಟರು ಮಂಗಳವಾರ ಕೆಳಗೆ ಕೂರುತ್ತಾರೆ" ಎಂದು ಬರೆದರೆ ಮುಂದಿನ ಸಲ ಜನ ನಿಂತು ಉತ್ತರ ಕೊಡುತ್ತಾರೆ. ಆರು ತಿಂಗಳ ನಂತರ ಅವೇ ಪ್ರಶ್ನೆ, ಅದೇ ಪದ ಇಟ್ಟು ಕೇಳಿ. ಪದ ಬದಲಿಸಿದರೆ ಹೋಲಿಸಲು ಬರುವುದಿಲ್ಲ.

ಆಸ್ಪತ್ರೆಗೆ ಹೋಗಿಬಂದ ಮೇಲೆ ಅಭಿಪ್ರಾಯ ಕೇಳಿ ಮೆಸೇಜ್ ಬಂದಿದೆ. ನಂಬಬಹುದೇ?

ನಿಜವಾದದ್ದೇ ಇರಬಹುದು. ಕೇಂದ್ರ ಸರ್ಕಾರದ "ಮೇರಾ ಅಸ್ಪತಾಲ್" 2016ರಿಂದ ಎಸ್‌ಎಂಎಸ್, ದನಿ ಕರೆ, ಆ್ಯಪ್ ಮೂಲಕ ಹೀಗೆ ಕೇಳುತ್ತದೆ. ಆದರೆ ಯಾವ ಸಮೀಕ್ಷೆಗೂ ಒಟಿಪಿ, ಬ್ಯಾಂಕ್ ಖಾತೆ, ಆಧಾರ್ ಫೋಟೋ ಬೇಕಾಗುವುದಿಲ್ಲ. ಕೇಳಿದರೆ ಕರೆ ಕತ್ತರಿಸಿ.

ಕೆಟ್ಟದಾಗಿ ಹೇಳಿದರೆ ಚಿಕಿತ್ಸೆಗೋ ಪಿಂಚಣಿಗೋ ತೊಂದರೆ ಆಗುತ್ತದೆಯೇ?

ಸರಿಯಾಗಿ ಮಾಡಿದ ಸಮೀಕ್ಷೆಯಲ್ಲಿ ನಿಮ್ಮ ಹೆಸರೇ ಇರುವುದಿಲ್ಲ. ಫಾರ್ಮ್ ತುಂಬುವವರ ಹಾಳೆಯನ್ನು ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಹೆಸರು, ಒಪಿಡಿ ನಂಬರ್ ಕಂಡರೆ ಅಳಿಸಲು ಹೇಳಿ, ಇಲ್ಲವೇ ಉತ್ತರಿಸಬೇಡಿ.

ಸಮೀಕ್ಷೆಯಲ್ಲಿ ಹೇಳಿದ್ದೇನೆ. ಅದೇ ದೂರು ಆಯಿತಲ್ಲವೇ?

ಇಲ್ಲ. ಸಮೀಕ್ಷೆಯಲ್ಲಿ ನಿಮ್ಮ ಮಾತು ನೂರಾರು ಜನರ ಮಾತಿನೊಳಗೆ ಸೇರಿಹೋಗುತ್ತದೆ, ನಿಮಗೆ ಪ್ರತ್ಯೇಕ ಉತ್ತರ ಬರುವುದಿಲ್ಲ. ವಿಕಲಚೇತನ ಎಂಬ ಕಾರಣಕ್ಕೆ ಹಕ್ಕು ತಪ್ಪಿದ್ದರೆ ಬೆಂಗಳೂರಿನಲ್ಲಿರುವ ರಾಜ್ಯ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೆ ಬರೆಯಿರಿ. ಮಾನಸಿಕ ಆರೋಗ್ಯ ಸೇವೆಯ ಕೊರತೆಯಾದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ಮೊದಲು ಆ ಕೇಂದ್ರದ ಮುಖ್ಯ ವೈದ್ಯಾಧಿಕಾರಿಗೆ, ಅಲ್ಲಿ ಆಗದಿದ್ದರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ದೂರು ಕೊಡಿ. ದಿನಾಂಕ, ಸಮಯ, ಕೌಂಟರ್ ಸಂಖ್ಯೆ ಬರೆದು, ಚೀಟಿಯ ಜೆರಾಕ್ಸ್ ಲಗತ್ತಿಸಿ, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಒಂದು ಪ್ರತಿ ನಿಮ್ಮ ಬಳಿ ಇಟ್ಟುಕೊಳ್ಳಿ.